ಹ್ಯಾಶ್‌ಟ್ಯಾಗ್‌ನಿಂದ ಸುದ್ದಿಮನೆಯವರೆಗೆ: ಉಕ್ಕಿನ ಮೇಲ್ಸೇತುವೆ ವಿರೋಧದ ದಿನಗಳು

ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆ ಕಟ್ಟಲು 2016ರಲ್ಲಿ ಸರ್ಕಾರ ಮುಂದಾದಾಗ, ಅದನ್ನು ವಿರೋಧಿಸಿದ ನಾಗರಿಕರ ಪರವಾಗಿ ಸಾಮಾಜಿಕ ಜಾಲತಾಣಗಳ ಕೆಲಸ ನೋಡಿಕೊಂಡವರಲ್ಲಿ ನಾನೂ ಒಬ್ಬ. ಸುಮಾರು 6.7 ಕಿ.ಮೀ. ಉದ್ದ, 1,791 ಕೋಟಿ ರೂಪಾಯಿ ವೆಚ್ಚ, ಕಡಿಯಬೇಕಾದ 812 ಮರಗಳು: ನಮ್ಮ ಬರಹಗಳೆಲ್ಲ ನಿಂತದ್ದು ಈ ಅಧಿಕೃತ ಅಂಕಿಗಳ ಮೇಲೆ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮರಗಳ ಸಂಖ್ಯೆ ದಿನೇ ದಿನೇ ಏರುತ್ತಿದ್ದರೂ ಅಂಥ ಸಂದೇಶಗಳನ್ನು ನಾವು ಮುಂದಕ್ಕೆ ಕಳಿಸಲಿಲ್ಲ. ಒಂದು ಅಂಕಿ ಸುಳ್ಳೆಂದು ಸಾಬೀತಾದರೂ ಚರ್ಚೆ ಸೇತುವೆಯನ್ನು ಬಿಟ್ಟು ನಮ್ಮ ಪ್ರಾಮಾಣಿಕತೆಯತ್ತ ತಿರುಗುತ್ತದೆ.

ಅಕ್ಟೋಬರ್ 16ರ ಭಾನುವಾರ ಬೆಳಿಗ್ಗೆ, ವಿಮಾನ ನಿಲ್ದಾಣದತ್ತ ಹೋಗುವ ಬಳ್ಳಾರಿ ರಸ್ತೆಯುದ್ದಕ್ಕೂ ಸಾವಿರಾರು ಜನ ಕೈ ಕೈ ಹಿಡಿದು ನಿಂತರು. ‘ಸ್ಟೀಲ್ ಫ್ಲೈಓವರ್ ಬೇಡ’ ಎಂಬ ಒಂದೇ ಹ್ಯಾಶ್‌ಟ್ಯಾಗ್ ಬಳಸಬೇಕೆಂದು ಎಲ್ಲರನ್ನೂ ಮೊದಲೇ ಕೇಳಿಕೊಂಡಿದ್ದೆವು. ಭಾನುವಾರ ಸರ್ಕಾರಿ ಕಚೇರಿಗಳ ಸುದ್ದಿ ಕಡಿಮೆಯಿರುವುದರಿಂದ ಸೋಮವಾರದ ಪತ್ರಿಕೆಗಳಲ್ಲಿ ಜಾಗ ಸಿಗುವ ಸಾಧ್ಯತೆ ಹೆಚ್ಚು. ಟಿ.ವಿ. ವಾಹಿನಿಗಳಿಗೆ ಬೇಕಾದದ್ದು ದೃಶ್ಯ. ಹಾಗಾಗಿ ಸ್ಥಳ ಮತ್ತು ಸಮಯ ನಮೂದಿಸಿದ ಚಿತ್ರಗಳನ್ನೂ ಚಿಕ್ಕ ವಿಡಿಯೊಗಳನ್ನೂ ಜನ ಇನ್ನೂ ರಸ್ತೆಯಲ್ಲಿರುವಾಗಲೇ ವರದಿಗಾರರಿಗೆ ತಲುಪಿಸಿದೆವು.

ಎಲ್ಲಕ್ಕಿಂತ ಹೆಚ್ಚು ಶ್ರಮ ಬೇಡಿದ್ದು ಕನ್ನಡದ ಕೆಲಸ. ಟ್ವಿಟರ್‌ನಲ್ಲಿ ಎದ್ದ ಕೂಗು ಬಹುಪಾಲು ಇಂಗ್ಲಿಷಿನದು. ಅದು ಇಂಗ್ಲಿಷ್ ಪತ್ರಿಕೆಗಳಿಗೆ ತಾನಾಗಿಯೇ ತಲುಪುತ್ತಿತ್ತು. ಆದರೆ ನನ್ನ ತಿಳಿವಳಿಕೆಯಲ್ಲಿ, ಶಾಸಕರು ತಮ್ಮ ಮತದಾರರ ಮನಸ್ಸನ್ನು ಅಳೆಯುವುದು ಕನ್ನಡ ಪತ್ರಿಕೆ ಮತ್ತು ವಾಹಿನಿಗಳಿಂದ. ಆದ್ದರಿಂದ ಕನ್ನಡದ ಪತ್ರಿಕಾ ಹೇಳಿಕೆಯನ್ನು ಅನುವಾದವಾಗಿಸದೆ ಬೇರೆಯಾಗಿಯೇ ಬರೆದು, ಈ ಹಣದಲ್ಲಿ ಬಸ್ಸು ಮತ್ತು ಉಪನಗರ ರೈಲಿಗೆ ಏನು ಮಾಡಬಹುದಿತ್ತು ಎಂಬ ಪ್ರಶ್ನೆಯನ್ನು ಅದರಲ್ಲಿ ಮುಂದಿಟ್ಟೆವು. ವಿಮಾನ ನಿಲ್ದಾಣಕ್ಕೆ ಕಾರಿನಲ್ಲಿ ಹೋಗುವವರ ಜಗಳ ಇದು ಎಂಬ ಟೀಕೆಗೆ ಉತ್ತರ ಕೊಡಲು ಬೇರೆ ದಾರಿ ನನಗೆ ಕಾಣಲಿಲ್ಲ.

2017ರ ಮಾರ್ಚ್ 2ರಂದು ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಅದು ಜಾಲತಾಣದ ಗೆಲುವು ಮಾತ್ರ ಎಂದವರಿದ್ದಾರೆ, ನಾನು ಒಪ್ಪುವುದಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅಷ್ಟರಲ್ಲಿ ಕಾಮಗಾರಿಗೆ ತಡೆ ನೀಡಿತ್ತು, ವಿರೋಧ ಪಕ್ಷ ಲಂಚದ ಆರೋಪ ಎತ್ತಿತ್ತು, ಮರುವರ್ಷ ವಿಧಾನಸಭೆ ಚುನಾವಣೆಯಿತ್ತು. ನ್ಯಾಯಮಂಡಳಿಯ ಆದೇಶದಿಂದ ಸರ್ಕಾರದ ಹಿಂದೆ ಸರಿಯುವಿಕೆಯವರೆಗಿನ ತಿಂಗಳುಗಳಲ್ಲಿ ವಿಷಯ ಸುದ್ದಿಯಿಂದ ಮರೆಯಾಗದಂತೆ ನೋಡಿಕೊಂಡದ್ದು ನಮ್ಮ ಪಾಲಿನ ಕೆಲಸ.