ಆರು ಜ್ವರದ ಲೆಕ್ಕ

ರೇಷ್ಮೆ ಹುಳುವಿಗೆ ಬರುವ ಜ್ವರಕ್ಕೂ ನಮಗೆ ಬರುವ ಜ್ವರಕ್ಕೂ ಸಂಬಂಧವಿಲ್ಲ. ಹುಳು ಪೊರೆ ಬಿಡುವ ಹೊತ್ತನ್ನು ನಮ್ಮ ಶಿಡ್ಲಘಟ್ಟದ ಕಡೆ ಜ್ವರ ಅಂತಾರೆ. ಇಷ್ಟನ್ನು ನಮ್ಮ ಗೈಡ್‌ಗೆ ವಿವರಿಸುವಷ್ಟರಲ್ಲಿ ಮೊದಲ ಮೀಟಿಂಗ್ ಅರ್ಧ ಮುಗಿದಿತ್ತು. ಅವರು ಕರಾವಳಿಯವರು, ಹುಳು ಮನೆ ನೋಡಿದವರಲ್ಲ. ನಾನು ಹುಳು ಮನೆಯ ಗೋಡೆಗೆ ತಲೆ ಕೊಟ್ಟು ಮಲಗಿ ಬೆಳೆದವನು.

ಎಂ.ಟೆಕ್. ಪ್ರಾಜೆಕ್ಟಿಗೆ ನಾನು ಹಿಡಿದದ್ದು ಇದನ್ನೇ. ತಟ್ಟೆಯ ಮೇಲೆ ಒಂದು ಕ್ಯಾಮೆರಾ ಕಟ್ಟಬೇಕು, ಹುಳು ಜ್ವರಕ್ಕೆ ಕೂತಿದೆಯೋ ಎದ್ದಿದೆಯೋ ಅಂತ ಅದು ಹೇಳಬೇಕು. ಹುಳುವಿಗೆ ಒಟ್ಟು ನಾಲ್ಕು ಜ್ವರ. ಮೊದಲ ಎರಡು, ಮರಿ ಹುಳು ಸಾಕಿ ಕೊಡುವ ಚಾಕಿ ಕೇಂದ್ರದಲ್ಲೇ ಮುಗಿಯುತ್ತವೆ, ರೈತರ ಮನೆಗೆ ಉಳಿಯುವುದು ಮೂರು ಮತ್ತು ನಾಲ್ಕು. ಆಗ ಹುಳು ತಲೆ ಎತ್ತಿ ಕಲ್ಲಿನ ಹಾಗೆ ಕೂರುತ್ತದೆ, ಒಂದು ದಿನ, ಕೆಲವೊಮ್ಮೆ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಸೊಪ್ಪು ಮುಟ್ಟುವುದಿಲ್ಲ. ತೊಂದರೆ ಏನೆಂದರೆ ಎಲ್ಲವೂ ಒಟ್ಟಿಗೆ ಏಳುವುದಿಲ್ಲ. ಮೊದಲು ಎದ್ದವಕ್ಕೆ ಆತುರಪಟ್ಟು ಸೊಪ್ಪು ಹಾಕಿದರೆ ಅವು ತಿಂದು ಮುಂದೆ ಹೋಗುತ್ತವೆ, ಉಳಿದವು ಸೊಪ್ಪಿನ ಅಡಿಗೆ ಬೀಳುತ್ತವೆ. ಕೊನೆಗೆ ಹುಳು ಹಣ್ಣಾಗಿ ಗೂಡು ಕಟ್ಟಲು ತಯಾರಾಗುವುದು ಎರಡೆರಡು ದಿನ, ಗೂಡು ಕಟ್ಟುವ ಚಂದ್ರಿಕೆಗೆ ಬಿಡಲು ಎರಡು ಸಲ ಆಳು, ಎರಡು ಸಲ ಕೂಲಿ. ಹತ್ತಕ್ಕೆ ಒಂಬತ್ತು ಎದ್ದವಾ ಅಂತ ನೋಡಲು ನಮ್ಮ ದೊಡ್ಡಮ್ಮ ರಾತ್ರಿ ಮೂರು ಸಲ ಟಾರ್ಚ್ ಹಿಡಿದು ಹೋಗುವುದು ಅದಕ್ಕೇ.

ಚಿಕ್ಕಬಳ್ಳಾಪುರದ ಲ್ಯಾಬಿನಿಂದ ರಾಸ್ಪ್‌ಬೆರ್ರಿ ಪೈ ಅನ್ನುವ ಒಂದು ಪುಟ್ಟ ಕಂಪ್ಯೂಟರ್, ಕ್ಯಾಮೆರಾ, ಕರೆಂಟು ಹೋದರೆ ಇರಲಿ ಅಂತ 12 ವೋಲ್ಟಿನ ಬ್ಯಾಟರಿ ಹೊತ್ತು ದೊಡ್ಡಮ್ಮನ ಮನೆಗೆ ಹೋದೆ. ಹತ್ತು ನಿಮಿಷಕ್ಕೊಂದು ಫೋಟೊ. ಮೂರು ಬೆಳೆ ಮುಗಿಯುವಷ್ಟರಲ್ಲಿ ಫೋಟೊ ಏಳು ಸಾವಿರ ದಾಟಿದ್ದವು. ಒಂದೊಂದನ್ನೂ ಚೌಕ ಚೌಕವಾಗಿ ಕತ್ತರಿಸಿ, ಜ್ವರ, ಎಚ್ಚರ ಅಂತ ಹೆಸರು ಹಚ್ಚಿ, ಚಿತ್ರ ನೋಡಿ ಗುರುತಿಸಲು ಕಲಿಯುವ ಮೊಬೈಲ್‌ನೆಟ್ ಅನ್ನುವ ಕಂಪ್ಯೂಟರ್ ಮಾಡೆಲ್‌ಗೆ ಕಲಿಸಿದೆ. ನೂರರಲ್ಲಿ 80 ಕಲಿಕೆಗೆ, 20 ಪರೀಕ್ಷೆಗೆ, ಇಸ್ಪೀಟೆಲೆ ಕಲೆಸಿದ ಹಾಗೆ ಕಲೆಸಿ ಹಂಚಿದ್ದೆ. ಫಲಿತಾಂಶ ನೂರಕ್ಕೆ 97. ಪೋಸ್ಟರ್ ಪ್ರಿಂಟ್ ಹಾಕಿಸಿಯೂ ಆಯಿತು.

ಆಮೇಲೆ ಅದನ್ನು ಚಿಂತಾಮಣಿ ಕಡೆಯ ಇನ್ನೊಬ್ಬ ರೈತರ ಹುಳು ಮನೆಗೆ ಒಯ್ದೆ. ಅಲ್ಲಿ ಹುಳು ಆಗಷ್ಟೇ ಜ್ವರದಿಂದ ಎದ್ದು ಹೊಟ್ಟೆ ಹಸಿದು ಓಡಾಡುತ್ತಿದ್ದವು. ಮಾಡೆಲ್ ಮಾತ್ರ ಎಲ್ಲಕ್ಕೂ ಜ್ವರ, ಜ್ವರ ಅಂತ ತೋರಿಸಿತು. ಮನೆಯವರು ಒಂದು ಸಲ ಪರದೆ ನೋಡಿದರು, ಒಂದು ಸಲ ತಟ್ಟೆ ನೋಡಿದರು. ಮಾತಾಡಲಿಲ್ಲ, ಕಾಫಿ ಕೊಟ್ಟರು.

ಲ್ಯಾಬಿಗೆ ಬಂದು, ಮಾಡೆಲ್ ಚಿತ್ರದ ಯಾವ ಜಾಗ ನೋಡಿ ತೀರ್ಮಾನಿಸುತ್ತದೆ ಅಂತ ಬಣ್ಣದಲ್ಲಿ ತೋರಿಸುವ ಗ್ರಾಡ್-ಕ್ಯಾಮ್ ಹಾಕಿ ನೋಡಿದೆ. ಹುಳುವಿನ ಮೈಮೇಲೆ ಕೆಂಪಿನ ಸುಳಿವೇ ಇಲ್ಲ. ಎಲ್ಲ ಕೆಂಪೂ ತಿಂದುಳಿದ ಕಡ್ಡಿಯ ಮೇಲೆ, ಕಡ್ಡಿಗೆ ಅಂಟಿದ ಬಿಳಿ ಪುಡಿಯ ಮೇಲೆ. ಹುಳು ಜ್ವರಕ್ಕೆ ಕೂತ ಮೇಲೆ ಹಾಸಿಗೆ ಒಣಗಿರಲಿ ಅಂತ ಸುಣ್ಣದ ಪುಡಿ ಉದುರಿಸುತ್ತಾರಲ್ಲ, ಮಾಡೆಲ್ ಕಲಿತಿದ್ದು ಆ ಸುಣ್ಣವನ್ನು. ಚಿಂತಾಮಣಿಯವರು ಜ್ವರ ಬಿಟ್ಟ ಮೇಲೆ, ಸೊಪ್ಪಿಗೆ ಮುಂಚೆ, ಸೋಂಕು ನಿವಾರಕ ಪುಡಿ ಹಾಕಿದ್ದರು. ಅದೂ ಬಿಳಿ. ದೊಡ್ಡಮ್ಮ ಸುಣ್ಣ ಹಾಕಿದ್ದಾಳೆ ಅಂತ ದೊಡ್ಡಮ್ಮನಿಗೇ ಹೇಳುವ ಯಂತ್ರವನ್ನು ಎಂಟು ತಿಂಗಳು ಕೂತು ಕಟ್ಟಿದ್ದೆ.

ಇನ್ನೊಂದು ತಪ್ಪು ಅದಕ್ಕಿಂತ ಆಳದ್ದು. ಏಳು ಸಾವಿರ ಫೋಟೊ ಅಂತ ಬೀಗುತ್ತಿದ್ದೆ, ಆದರೆ ಮೂರು ಬೆಳೆ ಅಂದರೆ ಬರೀ ಆರು ಜ್ವರ. ಒಂದೇ ರಾತ್ರಿ ಹತ್ತು ನಿಮಿಷದ ಅಂತರದಲ್ಲಿ ತೆಗೆದ ಎರಡು ಫೋಟೊದಲ್ಲಿ ಒಂದು ಕಲಿಕೆಗೆ, ಇನ್ನೊಂದು ಪರೀಕ್ಷೆಗೆ ಹೋದರೆ ಅದು ಪರೀಕ್ಷೆಯೇ ಅಲ್ಲ, ಕಾಪಿ ಹೊಡೆಯುವುದು. ಎರಡು ಬೆಳೆಯಲ್ಲಿ ಕಲಿಸಿ ಮೂರನೆಯದರಲ್ಲಿ ಪರೀಕ್ಷಿಸಿದಾಗ 97 ಇದ್ದದ್ದು 60ರ ಹತ್ತಿರ ಬಂದು ನಿಂತಿತು.

ಮಾಡೆಲ್ ಪಕ್ಕಕ್ಕಿಟ್ಟು ಸುಲಭದ ದಾರಿ ಹಿಡಿದೆ. ಅರ್ಧ ನಿಮಿಷದ ಅಂತರದಲ್ಲಿ ಎರಡು ಫೋಟೊ ತೆಗೆದು ಒಂದರಿಂದ ಇನ್ನೊಂದನ್ನು ಕಳೆಯುವುದು. ಎದ್ದ ಹುಳು ತಲೆ ಆಡಿಸುತ್ತದೆ, ಕೂತದ್ದು ಅಲುಗುವುದಿಲ್ಲ. ಸುಣ್ಣ ಎಷ್ಟೇ ಇದ್ದರೂ ಅದು ಅಲುಗುವುದಿಲ್ಲ. ಮೊದಲ ರಾತ್ರಿ ಕಿಟಕಿಯ ಗೋಣಿಚೀಲ ಗಾಳಿಗೆ ಆಡಿ ಅದರ ನೆರಳು ತಟ್ಟೆ ಪೂರ್ತಿ ಕುಣಿಯಿತು, ಯಂತ್ರ ಎಲ್ಲ ಹುಳುವನ್ನೂ ಎಬ್ಬಿಸಿತು. ಕ್ಯಾಮೆರಾ ಪಕ್ಕಕ್ಕೇ ಬ್ಯಾಟರಿಯ ಎಲ್‌ಇಡಿ ಕಟ್ಟಿದ ಮೇಲೆ ಸುಮ್ಮನಾಯಿತು. ಸೊಪ್ಪಿನ ಅಡಿಯ ಹುಳು ಈಗಲೂ ಕಾಣುವುದಿಲ್ಲ, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ತೇವಾಂಶದ ಸೆನ್ಸರ್ ಕಥೆ ಚಿಕ್ಕದು. ಸುಣ್ಣ ಅದರ ತೂತುಗಳಿಗೆ ಮೆತ್ತಿಕೊಂಡಿತು. ಬೆಳೆ ಮುಗಿದ ಮೇಲೆ ಬ್ಲೀಚಿಂಗ್ ಪುಡಿ ಕಲೆಸಿ ಮನೆ ತೊಳೆದರಲ್ಲ, ಬಿಚ್ಚಿಡಲು ಮರೆತಿದ್ದೆ. ಪಿನ್ನುಗಳ ಮೇಲೆ ಹಸಿರು ಕಿಲುಬು.

ಗೈಡ್ 97ರ ಪಟ್ಟಿ ತೆಗೆಯಬೇಡ ಎಂದರು. "ಅದರ ಕೆಳಗೇ ಆ ಸುಣ್ಣದ ಚಿತ್ರ ಹಾಕು." ಹಾಕಿದೆ.

ಈ ಬೆಳೆಗೆ ಒಂದೆರಡು ತಟ್ಟೆಗೆ ಸುಣ್ಣ ಹಾಕದೆ ಬಿಡು ಅಂತ ದೊಡ್ಡಮ್ಮನನ್ನು ಕೇಳಿದೆ, ಹೋಲಿಸಿ ನೋಡಲು.

"ತೇವ ಕಟ್ಟಿ ರೋಗ ಬಂದ್ರೆ ನಿಮ್ ಕಾಲೇಜು ದುಡ್ಡು ಕೊಡ್ತೈತೇನಪ್ಪಾ?"

ಆಮೇಲೆ ತಾನೇ ಇಳಿದುಬಂದಳು. ಬಾಗಿಲ ಹತ್ತಿರದ, ಬೇರೆ ತಟ್ಟೆಗಳಿಂದ ದೂರ ಇರುವ ಒಂದೇ ಒಂದು ತಟ್ಟೆ ನನ್ನದು. ನಾಡಿದ್ದು ಚಾಕಿ ಹುಳು ಬರುತ್ತವೆ. ಆ ತಟ್ಟೆಗೆ ಸೊಪ್ಪು ಕೊಯ್ದು ಹಾಕುವ ಕೆಲಸವೂ ನನ್ನದೇ ಅಂತ ತೀರ್ಮಾನವಾಗಿದೆ.