ಚಾರ್ಟ್ ಪಕ್ಕಕ್ಕಿಟ್ಟು ವೇಗ ಅಳೆದು ಆರಿಸಿದ ಎರಡು ವೇಕ್‌ಬೋರ್ಡ್‌ಗಳು

ಹೊಸಬರಿಗೆ ವೇಕ್‌ಬೋರ್ಡ್, ಅಂದರೆ ಬೋಟಿನ ಹಿಂದೆ ಹಗ್ಗ ಹಿಡಿದು ನಿಂತು ನೀರಿನ ಮೇಲೆ ಜಾರುವ ಹಲಗೆ, ಆರಿಸಲು ಯಾವ ತೂಕಕ್ಕೆ ಎಷ್ಟು ಉದ್ದ ಅಂತ ಹೇಳುವ ಚಾರ್ಟ್ ಒಂದೇ ಸಾಲದು, ಆ ಬೋರ್ಡ್ ಎಷ್ಟು ವೇಗಕ್ಕೆ ನೀರಿನ ಮೇಲೇರುತ್ತದೆ ಅನ್ನುವುದನ್ನೂ ಅಳೆದು ನೋಡಬೇಕು ಅಂತ ನಾನು ಹೇಳಿದಾಗ ಜೊತೆಯಲ್ಲಿ ಬೋಟ್ ಓಡಿಸುವವರು ಯಾರೂ ಒಪ್ಪಲಿಲ್ಲ. "ಅಷ್ಟೆಲ್ಲ ಯಾಕೆ? ತೂಕ ನೋಡು, ಸೈಜ್ ತಗೋ, ಮುಗೀತು" ಅಂದರು. ಈ ಸೀಸನ್ನಿನಲ್ಲಿ ನನ್ನ ತಮ್ಮನೂ ನನ್ನ ಮಗಳೂ ಹಗ್ಗ ಹಿಡಿದು ಎದ್ದು ನಿಂತರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ರಾಕರ್ ಅಂದರೆ ಬೋರ್ಡಿನ ಉದ್ದಕ್ಕೂ ಇರುವ ಬಾಗು, ಎಡ್ಜ್ ಅಂದರೆ ಅದರ ಅಂಚು, ಬೈಂಡಿಂಗ್ ಅಂದರೆ ಪಾದವನ್ನು ಬೋರ್ಡಿಗೆ ಹಿಡಿದಿಡುವ ಬೂಟು.

ತಮ್ಮನ ತೂಕ ಸುಮಾರು 78 ಕೆಜಿ, ಯಾವ ಬೋರ್ಡಿನ ಮೇಲೂ ನಿಂತವನಲ್ಲ. ಮಗಳಿಗೆ ಒಂಬತ್ತು ವರ್ಷ, 27 ಕೆಜಿ ಆಸುಪಾಸು. ಈಜು ಚೆನ್ನಾಗಿ ಬರುತ್ತದೆ, ಮೈಯಲ್ಲಿ ಅಷ್ಟು ಬಲ ಇಲ್ಲ. ಚಾರ್ಟ್ ನೋಡಿದರೆ 78 ಕೆಜಿಯವರಿಗೆ ಒಬ್ಬರು 135 ಸೆಂಟಿಮೀಟರ್ ಅನ್ನುತ್ತಾರೆ, ಇನ್ನೊಬ್ಬರು 142ಕ್ಕೂ ಸೈ ಅನ್ನುತ್ತಾರೆ. ಒಂದು ಸೈಜಿನ ತೂಕದ ಮಿತಿ ಮುಂದಿನ ಸೈಜಿನೊಳಗೆ ಅರ್ಧದಷ್ಟು ನುಗ್ಗಿರುತ್ತದೆ. ಹೊಸಬರಿಗೆ ಈ ಏಳು ಸೆಂಟಿಮೀಟರಿನ ವ್ಯತ್ಯಾಸ ಚಿಕ್ಕದಲ್ಲ. ಆಡಿ ಪಳಗಿದವನು ಯಾವುದರ ಮೇಲಾದರೂ ಎದ್ದುಬಿಡುತ್ತಾನೆ, ಏಳಲಾರದವನಿಗೇ ಅಲ್ಲವೇ ಸರಿಯಾದ ಬೋರ್ಡ್ ಬೇಕಾಗಿರುವುದು?

ಮೊದಲು ಎಲ್ಲರೂ ಕೊಟ್ಟ ಸಲಹೆ ಒಂದೇ: 130ರ ಹತ್ತಿರದ ಒಂದು ಬೋರ್ಡ್, ಕಾಲ್ಬೆರಳ ಕಡೆ ಬಾಯಿ ತೆರೆದ ಬೈಂಡಿಂಗ್, ಇಬ್ಬರಿಗೂ ಅದೇ. ದುಡ್ಡು ಉಳಿಯುತ್ತದೆ. ಗೆಳೆಯರೊಬ್ಬರ ಬಳಿ 128ರದ್ದು ಇತ್ತು, ತಂದು ಇಬ್ಬರಿಗೂ ಕೊಟ್ಟು ನೋಡಿದೆವು. ತಮ್ಮನಿಗೆ ಅದು ಮುಳುಗಿದ ಹಲಗೆ. ಬೋಟ್ ಎಳೆದಷ್ಟೂ ಮುಂಭಾಗ ನೀರು ತಳ್ಳುತ್ತಲೇ ಹೋಯಿತು, ತೋಳು ಸೋತು ಹ್ಯಾಂಡಲ್ ಬಿಟ್ಟ. ಮಗಳ ತೊಂದರೆ ಬೇರೆ. ದೊಡ್ಡವರ ಬೋರ್ಡಿನಲ್ಲಿ ಸ್ಕ್ರೂ ಹಾಕುವ ತೂತುಗಳು ದೊಡ್ಡವರ ಭುಜದ ಅಗಲಕ್ಕೆ ತಕ್ಕಂತೆ ಇರುತ್ತವೆ. ಎಷ್ಟು ಒಳಗೆ ತಂದರೂ ಎರಡು ಪಾದಗಳ ನಡುವೆ 19 ಇಂಚಿಗಿಂತ ಕಡಿಮೆ ಆಗಲಿಲ್ಲ, ಅವಳಿಗೆ ಬೇಕಾದದ್ದು 15-16 ಇಂಚು. ಕಾಲು ಅಷ್ಟು ಅಗಲಿಸಿಕೊಂಡು ಮಂಡಿಯನ್ನು ಎದೆಗೆ ತರಲು ಯಾವ ಮಗುವಿಗೂ ಆಗುವುದಿಲ್ಲ. ಮಂಡಿ ಎದೆಗೆ ಬಾರದಿದ್ದರೆ ನೀರಿನೊಳಗಿಂದ ಏಳುವ ಮಾತೇ ಇಲ್ಲ. ಇಬ್ಬರಿಗೆ ಒಂದೇ ಬೋರ್ಡ್ ಅನ್ನುವ ಲೆಕ್ಕ ನನ್ನ ಮಟ್ಟಿಗೆ ಅಲ್ಲಿಗೇ ಮುಗಿಯಿತು. ದೊಡ್ಡವರಿಬ್ಬರು ಹಂಚಿಕೊಳ್ಳುವುದಾದರೆ ಸರಿ, ದೊಡ್ಡವರೂ ಮಗುವೂ ಹಂಚಿಕೊಳ್ಳಲಾಗದು.

ಎರಡನೆಯ ಸಲಹೆ ಇನ್ನೂ ಕೆಟ್ಟದ್ದು: "ಮಗು ಬೆಳೆಯುತ್ತೆ, ಒಂದು ಸೈಜ್ ದೊಡ್ಡದೇ ತಗೋ." ಯೂನಿಫಾರ್ಮ್ ಹೊಲಿಸುವ ಲೆಕ್ಕ ಇದು. ಬೋರ್ಡಿಗೆ ಹಾಕಿದರೆ ಮಗು ಆಟವನ್ನೇ ಬಿಡುತ್ತದೆ.

ನಾನು ಮಾಡಿದ್ದು ಇಷ್ಟು. ತಮ್ಮನ ತೂಕವೂ ನನ್ನ ತೂಕವೂ ಹೆಚ್ಚುಕಡಿಮೆ ಒಂದೇ, ಹಾಗಾಗಿ ಅವನ ಬೋರ್ಡುಗಳನ್ನು ನಾನೇ ಹತ್ತಿ ನೋಡಿದೆ. ಮಗಳ ಬೋರ್ಡುಗಳಿಗೆ, ಅವಳಷ್ಟೇ ತೂಕದ, ಆಗಲೇ ಚೆನ್ನಾಗಿ ಆಡುವ ಗೆಳೆಯನ ಮಗನನ್ನು ಕೇಳಿಕೊಂಡೆ. ಬೋಟನ್ನು ತೀರ ನಿಧಾನ ಎಳೆಯಲು ಹೇಳಿ, ವೇಗವನ್ನು ಗಂಟೆಗೆ ಒಂದೊಂದೇ ಕಿಲೋಮೀಟರ್ ಏರಿಸುತ್ತ, ಬೋರ್ಡ್ ಮೇಲೇರಿದ ಗಳಿಗೆಯಲ್ಲಿ ಜಿಪಿಎಸ್ ಎಷ್ಟು ತೋರಿಸುತ್ತದೆ ಅಂತ ಬೋಟಿನಲ್ಲಿ ಕೂತವರು ಬರೆದುಕೊಂಡರು. ಏರಿತೋ ಇಲ್ಲವೋ ಅನ್ನುವುದು ಸಿಡಿಯುವ ನೀರನ್ನು ನೋಡಿದರೆ ತಿಳಿಯುತ್ತದೆ. ಮುಂಗಾಲಿನ ಮುಂದೆ ಸಿಡಿಯುತ್ತಿದ್ದ ನೀರು ಮುಂಗಾಲು ದಾಟಿ ಹಿಂದಕ್ಕೆ ಸರಿದರೆ ಬೋರ್ಡ್ ಮೇಲೆ ಬಂದಿದೆ ಅಂತಲೇ ಅರ್ಥ. ಗಾಳಿ ಇದ್ದ ದಿನ ಅಳೆಯಬೇಡಿ. ಪ್ರವಾಹ ಇರುವ ನೀರಿನಲ್ಲಿ ಎರಡೂ ದಿಕ್ಕಿಗೆ ಎಳೆದು ಸರಾಸರಿ ತೆಗೆಯಿರಿ, ಯಾಕೆಂದರೆ ಜಿಪಿಎಸ್ ಹೇಳುವುದು ನೆಲದ ಲೆಕ್ಕದ ವೇಗ, ನೀರಿನದ್ದಲ್ಲ.

ದೊಡ್ಡವರ ಬೋರ್ಡುಗಳಲ್ಲಿ ಸಿಕ್ಕಿದ್ದು, ನೆನಪಿನಿಂದ ಹೇಳುವುದಾದರೆ: 134ರ ತ್ರೀ-ಸ್ಟೇಜ್ ರಾಕರ್ (ನಡುವೆ ಸಪಾಟಾಗಿ, ಎರಡೂ ತುದಿಯಲ್ಲಿ ಥಟ್ಟನೆ ಬಾಗಿದ್ದು) ಗಂಟೆಗೆ ಸುಮಾರು 25-26 ಕಿಮೀಗೆ ಎದ್ದಿತು. 138ರ ಕಂಟಿನ್ಯೂಯಸ್ ರಾಕರ್ (ತುದಿಯಿಂದ ತುದಿಗೆ ಒಂದೇ ಬಾಗು) 22ಕ್ಕೆ. 142ರ, ನಡುವೆ ಕೊಂಚ ಅಗಲವಾದ ಕಂಟಿನ್ಯೂಯಸ್ 20ಕ್ಕೇ ಎದ್ದುಬಿಟ್ಟಿತು. 138ರಲ್ಲೇ ಇನ್ನೊಂದು, ತ್ರೀ-ಸ್ಟೇಜ್‌ನದ್ದು, 24ರವರೆಗೂ ನೀರು ತಳ್ಳುತ್ತಿತ್ತು. ಒಂದೇ ಉದ್ದ, ಆದರೂ ಎರಡು ಕಿಲೋಮೀಟರ್ ಫರಕು. ಚಾರ್ಟಿನಲ್ಲಿ ಈ ಎರಡು ಬೋರ್ಡುಗಳು ಒಂದೇ ಸಾಲಿನಲ್ಲಿ ಕೂತಿವೆ. ಇಷ್ಟು ತೋರಿಸಿದ ಮೇಲೆ ಗೆಳೆಯರ ದನಿ ಸ್ವಲ್ಪ ತಗ್ಗಿತು.

ಎರಡು ಕಿಲೋಮೀಟರ್ ಏನು ಮಹಾ ಅನ್ನಿಸಬಹುದು. ಏಳುವ ಹೊತ್ತಿನಲ್ಲಿ ಹ್ಯಾಂಡಲ್ ಹಿಡಿದ ಹೊಸಬರ ತೋಳಿನ ಮೇಲೆ ಬೀಳುವ ಭಾರ ಆ ಎರಡು ಕಿಲೋಮೀಟರಿನ ಉದ್ದಕ್ಕೂ ಇಳಿಯುವುದಿಲ್ಲ. ತಮ್ಮ ಹ್ಯಾಂಡಲ್ ಬಿಡುತ್ತಿದ್ದದ್ದು ಸರಿಯಾಗಿ ಅದೇ ಜಾಗದಲ್ಲಿ. 142ರ ಮೇಲೆ ನಿಲ್ಲಿಸಿದೆ, ಆ ಬೆಳಿಗ್ಗೆಯೇ ಎದ್ದ. "ಅಣ್ಣ, ನಾನೇನೂ ಬೇರೆ ಮಾಡಲಿಲ್ಲ, ಅದೇ ಎದ್ದಿತು" ಅಂದ. ನಿಜವೇ, ಅವನೇನೂ ಬೇರೆ ಮಾಡಿರಲಿಲ್ಲ.

ಹಾಗಾದರೆ ಮಗುವಿಗೂ ಉದ್ದದ್ದೇ ಬೇಗ ಏಳುತ್ತದಲ್ಲ, ಅದನ್ನೇ ಕೊಡಬಾರದೇಕೆ? ನನ್ನ ವಿಧಾನವನ್ನು ನಂಬದವರು ಹಿಡಿದದ್ದು ಇದನ್ನೇ, ಹಿಡಿದದ್ದು ಸರಿಯೂ ಹೌದು. ವೇಗದ ಅಳತೆ ಬೋರ್ಡಿನ ಕೆಳಗಿನ ಮಿತಿ ಮಾತ್ರ ಹೇಳುತ್ತದೆ. ಮೇಲಿನ ಮಿತಿಗೆ ಬೇರೆ ಪರೀಕ್ಷೆ ಬೇಕು, ಅದಕ್ಕೆ ಬೋಟ್ ಬೇಕಿಲ್ಲ. ಎದೆಮಟ್ಟದ ನಿಂತ ನೀರಿನಲ್ಲಿ ನಾನು ಕೈಗೆಟುಕುವಷ್ಟು ಹತ್ತಿರ ನಿಂತೆ. ಮಗಳು ಲೈಫ್ ಜಾಕೆಟ್ ಹಾಕಿ, ಬೋರ್ಡ್ ಕಟ್ಟಿಕೊಂಡು, ಮೊಗ ಕೆಳಗೆ ಮಾಡಿ ಮಲಗಿದಳು. ಅಲ್ಲಿಂದ ತಾನೇ ಉರುಳಿ ಬೆನ್ನ ಮೇಲೆ ಬರಬೇಕು. ಆಮೇಲೆ ಮಂಡಿ ಮಡಚಿ ಬೋರ್ಡನ್ನು ಎಡಕ್ಕೂ ಬಲಕ್ಕೂ ಕಾಲುಭಾಗ ಸುತ್ತು ತಿರುಗಿಸಬೇಕು. 128ರಲ್ಲಿ ಉರುಳಲು ಆಗಲೇ ಇಲ್ಲ, ನಾನೇ ಎತ್ತಿದೆ. 118ರಲ್ಲಿ ಎಡ್ಜನ್ನು ಕೈಯಲ್ಲಿ ಹಿಡಿದು ಒಂದು ಜಗ್ಗು ಜಗ್ಗಿ ಉರುಳಿದಳು. 111ರಲ್ಲಿ ಮೀನಿನಂತೆ ತಿರುಗಿದಳು, ಆದರೆ ಗೆಳೆಯನ ಮಗನ ಕೆಳಗೆ 111 ಏಳಲು 18 ಕಿಮೀ ಬೇಕಾಯಿತು. 118 ಎದ್ದದ್ದು 15-16ಕ್ಕೆ. ಆಯ್ಕೆ ಅಲ್ಲಿಗೆ ಮುಗಿಯಿತು: ಕಟ್ಟಿಕೊಂಡು ಅವಳು ತಾನೇ ಉರುಳಬಲ್ಲಂಥ ಬೋರ್ಡುಗಳ ಪೈಕಿ ಎಲ್ಲಕ್ಕಿಂತ ಕಡಿಮೆ ವೇಗಕ್ಕೆ ಏಳುವಂಥದ್ದು. ದೊಡ್ಡವರಿಗೂ ಇದೇ ನಿಯಮ, ಆದರೆ ದೊಡ್ಡವರು ಉರುಳುವ ಪರೀಕ್ಷೆಯಲ್ಲಿ ಸೋಲುವುದು ಅಪರೂಪ.

ಲೈಫ್ ಜಾಕೆಟ್ ವಿಷಯ ಬಂದಿದ್ದಕ್ಕೆ ಒಂದು ಮಾತು. ಮಕ್ಕಳಿಗೆ ತೆಳು ಇಂಪ್ಯಾಕ್ಟ್ ವೆಸ್ಟ್ ಹಾಕಿಸುವವರನ್ನು ನೋಡಿದ್ದೇನೆ. ಅವುಗಳಲ್ಲಿ ಬಹಳಷ್ಟಕ್ಕೆ ತೇಲಿಸುವ ಪ್ರಮಾಣಪತ್ರವೇ ಇರುವುದಿಲ್ಲ, ಹೊಡೆತ ತಡೆಯುವುದಷ್ಟೇ ಅವುಗಳ ಕೆಲಸ. 50 ನ್ಯೂಟನ್ (ತೇಲಿಸುವ ಬಲದ ಅಳತೆ) ಗುರುತಿನ ಜಾಕೆಟ್ ಕೂಡ ಈಜು ಬಲ್ಲವರಿಗೆ, ನೆರವು ಹತ್ತಿರ ಇದ್ದಾಗ ಅಂತ ಇರುವಂಥದ್ದು. ಈಜು ಬಾರದ ಮಗು ಆ ಬೋರ್ಡಿಗೆ ಕಾಲು ಹಾಕಲೇಬಾರದು.

ಇನ್ನು ದುಡ್ಡು. ಬೋರ್ಡೂ ಬೈಂಡಿಂಗೂ ಸೇರಿ ಬರುವ ಹೊಸ ಪ್ಯಾಕೇಜ್ ನಾನು ಕೊಳ್ಳಲಿಲ್ಲ. ಹೊಸಬರ ಪ್ಯಾಕೇಜಿನಲ್ಲಿ ಬೋರ್ಡ್ ಪರವಾಗಿಲ್ಲ ಅನ್ನುವ ಹಾಗಿರುತ್ತದೆ, ಬೈಂಡಿಂಗ್ ಮಾತ್ರ ಅಗ್ಗದ್ದು. ನಾನು ಆ ಲೆಕ್ಕವನ್ನು ತಿರುಗಿಸಿದೆ. 142 ಹಳೆಯದು, ಕೆಲವು ಸೀಸನ್ ಕಂಡದ್ದು, ಚಿತ್ರವೆಲ್ಲ ಮಾಸಿತ್ತು. ಅದೇ ಮಾದರಿ ಹೊಸದಾಗಿ ಕೊಂಡಿದ್ದರೆ ಆಗುತ್ತಿದ್ದ ಬೆಲೆಯ ಮೂರರಲ್ಲಿ ಒಂದು ಭಾಗಕ್ಕಿಂತ ಕಡಿಮೆಗೆ ಸಿಕ್ಕಿತು. ಉಳಿದ ದುಡ್ಡಿನಲ್ಲಿ ದೊಡ್ಡದೊಂದು ಪಾಲು ಮಗಳ ಬೈಂಡಿಂಗಿಗೆ ಹೋಯಿತು. ಒಟ್ಟು ಖರ್ಚು ಒಂದು ಹೊಸ ದೊಡ್ಡವರ ಪ್ಯಾಕೇಜಿನ ಹತ್ತಿರ ಹತ್ತಿರ ನಿಂತಿತು, ಆದರೆ ಕೈಗೆ ಬಂದದ್ದು ಎರಡು ಬೋರ್ಡ್.

ಹಳೆಯ ಬೋರ್ಡ್ ಕೊಳ್ಳುವಾಗ ನನ್ನ ಜೇಬಿನಲ್ಲಿ ಬೈಂಡಿಂಗ್ ಬಿಗಿಯುವ 6 ಮಿಮೀ (ಎಂ6) ಸ್ಕ್ರೂ ಒಂದು ಇರುತ್ತದೆ. ಪ್ರತಿಯೊಂದು ತೂತಿಗೂ ಕೈಯಿಂದಲೇ ಹಾಕಿ ತಿರುಗಿಸಿ ನೋಡುತ್ತೇನೆ. ಒಳಗಿನ ತಿರುಪಿನ ಗೆರೆ (ಥ್ರೆಡ್) ಸವೆದಿದ್ದರೆ, ಅಥವಾ ತೂತಿನ ಸುತ್ತ ಉಬ್ಬಿದ್ದರೆ, ಚೌಕಾಸಿಯನ್ನೂ ಮಾಡದೆ ಎದ್ದು ಬರುತ್ತೇನೆ. ಎಡ್ಜಿನ ಉದ್ದಕ್ಕೂ ಉಗುರು ಎಳೆದರೆ ಪದರ ಬಿಟ್ಟಿರುವುದು ತಿಳಿಯುತ್ತದೆ. ಎರಡೂ ಹಿಮ್ಮಡಿ ಕೂರುವ ಜಾಗವನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿ, ಅಲ್ಲಿ ಮೆತ್ತಗಿದ್ದರೆ ಒಳಗಿನ ಫೋಮ್ ನೀರು ಕುಡಿದಿದೆ ಅಥವಾ ಒಡೆದಿದೆ. ತೂಕ ಮಾಡಿ ನೋಡುವುದೂ ಒಳ್ಳೆಯದು, ಬೈಂಡಿಂಗ್ ಇಲ್ಲದ ದೊಡ್ಡವರ ಬೋರ್ಡ್ ಮೂರು ಕೆಜಿಗಿಂತ ತುಂಬ ಹೆಚ್ಚು ತೂಗಿದರೆ ನಾನು ಅನುಮಾನಪಡುತ್ತೇನೆ. ಇನ್ನೊಂದು ಜಾಗವನ್ನೂ ನೋಡುತ್ತೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಅದರಿಂದಲೇ ನನಗೆ ಬೆಲೆ ಇಳಿಸಲು ಆಗುವುದು.

ಬೈಂಡಿಂಗಿನಲ್ಲಿ ತಮ್ಮನಿಗೆ ಬಾಯಿ ತೆರೆದದ್ದು, ಮೂರು ನಾಲ್ಕು ಸೈಜಿನ ಪಾದಕ್ಕೆ ಆಗುವಂಥದ್ದು. ನಾನೂ ಹಾಕಿಕೊಳ್ಳಬಹುದು. ಮಗಳದ್ದೂ ಬಾಯಿ ತೆರೆದದ್ದೇ, ಆದರೆ ಮಕ್ಕಳಿಗೆಂದೇ ಮಾಡಿದ, ಹಿಮ್ಮಡಿ ಗಟ್ಟಿ ಹಿಡಿಯುವಂಥದ್ದು. ಸಡಿಲ ಬೈಂಡಿಂಗ್ ಮಕ್ಕಳಿಗೆ ಸುರಕ್ಷಿತ, ಬಿದ್ದರೆ ಕಾಲು ಕಳಚಿಕೊಳ್ಳುತ್ತದೆ ಅನ್ನುವ ಮಾತು ಎಲ್ಲೆಡೆ ಇದೆ. ಎರಡೂ ಕಾಲು ಒಟ್ಟಿಗೆ ಕಳಚಿದರೆ ಸರಿಯೇ. ಒಂದು ಕಳಚಿ ಇನ್ನೊಂದು ಉಳಿದರೆ, ಉಳಿದ ಕಾಲಿನ ಮಂಡಿಯನ್ನು ಇಡೀ ಬೋರ್ಡ್ ತಿರುಚುತ್ತದೆ. ಎರಡೂ ಒಂದೇ ಬಿಗಿಯಲ್ಲಿ ಇರಬೇಕು, ಇದರಲ್ಲಿ ನಾನು ರಾಜಿಯಾಗುವುದಿಲ್ಲ. ಅವಳ ಹಿಂಗಾಲಿನ ಬೈಂಡಿಂಗ್ ಸೊನ್ನೆ ಡಿಗ್ರಿ, ಮುಂಗಾಲಿನದು ಮೂತಿಯ ಕಡೆಗೆ 15ರ ಹತ್ತಿರ, ಎರಡನ್ನೂ ಒಂದೊಂದು ತೂತು ಹಿಂದಕ್ಕೆ ಸರಿಸಿದ್ದೇನೆ. ಹಿಂದೆ ಸರಿಸಿದರೆ ಮೂತಿ ನೀರಿಗೆ ಚುಚ್ಚುವುದು ಕಡಿಮೆಯಾಗುತ್ತದೆ. ಮೇಲೆದ್ದು ಸಲೀಸಾದ ಮೇಲೆ ನಡುವಿಗೆ ತರಬೇಕು, ಇಲ್ಲದಿದ್ದರೆ ಹಿಂಗಾಲಿನ ಮೇಲೆ ಭಾರ ಹಾಕಿ ನಿಲ್ಲುವುದೇ ಚಾಳಿಯಾಗುತ್ತದೆ.

ಬಗೆಬಗೆಯ ಪ್ರಯೋಗ ಮಾಡದೆ ನನಗೆ ಸುಮ್ಮನಿರಲಾಗುವುದಿಲ್ಲ. 142ರ ಫಿನ್‌ಗಳನ್ನು (ಬೋರ್ಡಿನ ಅಡಿಯ ಚಿಕ್ಕ ರೆಕ್ಕೆಗಳು) ಬಿಚ್ಚಿ ತಮ್ಮನನ್ನು ಎಳೆದೆ, ಬೋಟಿನ ಬದಲು ತಲೆಯ ಮೇಲಿನ ತಂತಿಯಿಂದ ಎಳೆಯುವ ಕೇಬಲ್ ಪಾರ್ಕಿನಲ್ಲಿ ಫಿನ್ ಇಲ್ಲದೆಯೇ ಕಲಿಯುತ್ತಾರಲ್ಲ ಅಂತ. ಎದ್ದ, ಆದರೆ ಹಿಂಭಾಗ ಆಚೀಚೆ ಜಾರತೊಡಗಿ ನಿಲ್ಲಲಾಗಲಿಲ್ಲ. ಕೇಬಲ್‌ನಲ್ಲಿ ಎಳೆತ ಎತ್ತರದಿಂದ ಬರುತ್ತದೆ, ನೀರೂ ಸಪಾಟು, ಬೋಟಿನ ಹಿಂದಿನ ನೀರೇ ಬೇರೆ. ಫಿನ್ ಮತ್ತೆ ಹಾಕಿದೆ, ಅದೂ ಮೊದಲಿನದಕ್ಕಿಂತ ತುಸು ಉದ್ದದ್ದು. ಮಗಳ 118ರಲ್ಲಿ ಅಚ್ಚಿನಲ್ಲೇ ಬಂದ ಚಿಕ್ಕ ಫಿನ್‌ಗಳಿವೆ, 27 ಕೆಜಿಗೆ ಅವು ಧಾರಾಳ ಸಾಕು.

ಬೋಟಿನ ಬದಿಗೆ ಬೂಮ್, ಅಂದರೆ ನೀರಿನ ಮೇಲೆ ಅಡ್ಡಕ್ಕೆ ಚಾಚುವ ಕಂಬಿ, ಕಟ್ಟಿ ಮಗಳ ಕೈಗೆ ಅದನ್ನು ಹಿಡಿಸಿದ್ದೂ ಆಯಿತು. ಬೂಮಿನಲ್ಲಿ ಸುಲಭವಾಗಿ ನಿಂತಳು, ಹಗ್ಗಕ್ಕೆ ಬರಲು ಒಪ್ಪಲಿಲ್ಲ. "ಅಪ್ಪ, ಇದೇ ಇರಲಿ" ಅಂದಳು. ಬೂಮಿಗೇ ಐದಡಿಯ ಗಿಡ್ಡ ಹಗ್ಗ ಕಟ್ಟಿ, ದಿನ ಕಳೆದಂತೆ ಅದನ್ನು ಉದ್ದ ಮಾಡಿದ ಮೇಲೆ ಬೋಟಿನ ಹಿಂದಿನ ಹಗ್ಗಕ್ಕೆ ಬಂದಳು. ಈಗ ಅವಳ ಹಗ್ಗ 35 ಅಡಿ ಸುಮಾರು, ತಮ್ಮನದು 55. ಹಿಗ್ಗದ ಹಗ್ಗವೇ ಬೇಕು. ಹಿಗ್ಗುವ ಹಗ್ಗದಲ್ಲಿ ಬೋಟ್ ಎಳೆದ ಒಂದು ಕ್ಷಣದ ಮೇಲೆ ಬೋರ್ಡ್ ಜಗ್ಗುತ್ತದೆ, ಹೊಸಬರು ಮುಗ್ಗರಿಸುವುದು ಆಗಲೇ. ಮಗುವಿನ ಹ್ಯಾಂಡಲ್ ತೆಳುವಾಗಿರಲಿ, ಬೆರಳುಗಳು ಪೂರ್ತಿ ಸುತ್ತಿ ಬರಬೇಕು. ಎದ್ದ ಮೇಲೆ ಅವಳನ್ನು 21-22 ಕಿಮೀಯಲ್ಲಿ ಎಳೆಯುತ್ತೇನೆ, ತಮ್ಮನನ್ನು 29ರಲ್ಲಿ.

ಈ ನಡುವೆ ಒಬ್ಬರ ಶೆಡ್ಡಿನಲ್ಲಿದ್ದ ದಪ್ಪನೆಯ ಹಳೇ ಕಾಲದ ಬೋರ್ಡನ್ನೂ ಎಳೆದು ನೋಡಿದೆ. 1985ರಲ್ಲಿ ಸರ್ಫರ್ ಟೋನಿ ಫಿನ್ ಮಾಡಿದ ಸ್ಕರ್ಫರ್ ಎಂಬ ಬೋರ್ಡಿನ ಕಾಲದವು ಸರ್ಫ್‌ಬೋರ್ಡಿನ ಸಂತತಿ, ತುಂಬ ತೇಲುತ್ತವೆ. ನೀರಿನೊಳಗೆ ಕೂತು ಅದನ್ನು ಅದುಮಿ ಹಿಡಿಯುವುದೇ ಸಾಹಸ, ಬಿಟ್ಟರೆ ಪಕ್ಕಕ್ಕೆ ಹಾರುತ್ತದೆ. 1990ರಲ್ಲಿ ವಾಟರ್‌ಸ್ಕೀ ತಯಾರಕ ಹರ್ಬ್ ಓಬ್ರಯನ್ ಹೈಪರ್‌ಲೈಟ್ ಬೋರ್ಡ್ ತಂದು ತೇಲುವುದನ್ನು ಹದಕ್ಕೆ ತಂದ ಮೇಲೆ ಜನ ಸುಲಭವಾಗಿ ಏಳತೊಡಗಿದ್ದು ಯಾಕೆ ಅಂತ ಆ ದಿನ ಮೈಯಿಂದಲೇ ಅರ್ಥವಾಯಿತು. ಹೆಚ್ಚು ತೇಲುವ ಬೋರ್ಡ್ ಹೊಸಬರಿಗೆ ಒಳ್ಳೆಯದು ಅನ್ನುವವರು ಒಮ್ಮೆ ಹೀಗೆ ಕೂತು ನೋಡಲಿ.

ಹಿಂದೆ ಒಪ್ಪದಿದ್ದವರಲ್ಲಿ ಇಬ್ಬರು ಈಗ ತಮ್ಮ ಮಕ್ಕಳನ್ನು ಕರೆತಂದು ಉರುಳುವ ಪರೀಕ್ಷೆ ಮಾಡಿಸುತ್ತಿದ್ದಾರೆ. ಮಗಳ ತೂಕ 32-33 ಕೆಜಿ ದಾಟಿದರೆ 124ನ್ನು ಅಳೆಯಬೇಕು. 118 ಬೇಕು ಅಂತ ಆಗಲೇ ಒಬ್ಬರು ಹೇಳಿಟ್ಟಿದ್ದಾರೆ. ಬೋರ್ಡ್ ಕೊಡುತ್ತೇನೆ, ಬೈಂಡಿಂಗ್ ಮಾತ್ರ ಕೊಡುವುದಿಲ್ಲ. ಅದು ಅವಳ ಪಾದಕ್ಕೆ ಇನ್ನೂ ಎರಡು ಸೈಜ್ ಬರುತ್ತದೆ, ಮುಂದಿನ ಬೋರ್ಡಿಗೂ ಅದೇ.