ಕೆಡುವವರೆಗೆ ಕಾಯಬಾರದ ವಸ್ತುಗಳು: ಮನೆಯಲ್ಲಿ ಯಾವುದನ್ನು ಯಾವಾಗ ಬದಲಿಸಬೇಕು?

ನಮ್ಮ ಮನೆಗಳಲ್ಲಿ ಒಂದು ವಸ್ತುವನ್ನು ಬಿಸಾಡಬೇಕೆಂದರೆ ಅದು ಒಡೆದಿರಬೇಕು, ಹರಿದಿರಬೇಕು ಅಥವಾ ಸೋರುತ್ತಿರಬೇಕು. ಬಾಳಿಕೆ ಬರುವಷ್ಟು ದಿನ ಬಳಸುವುದು ಒಳ್ಳೆಯ ಗುಣವೇ. ಆದರೆ ಕಣ್ಣು, ಬಾಯಿ, ಗಾಯ, ಕುಡಿಯುವ ನೀರು ಇವುಗಳಿಗೆ ತಾಗುವ ಕೆಲವು ವಸ್ತುಗಳು ನೋಡಲು ಚೆನ್ನಾಗಿರುವಾಗಲೇ ಕೆಟ್ಟಿರುತ್ತವೆ. ಅವುಗಳ ಲೆಕ್ಕ ಶುರುವಾಗುವುದು ಕೊಂಡ ದಿನದಿಂದಲ್ಲ, ತೆರೆದ ದಿನದಿಂದ. ಹಾಗಾಗಿ ಅಳಿಸಿಹೋಗದ ಮಾರ್ಕರ್ ಪೆನ್ನೊಂದನ್ನು ಅಡುಗೆಮನೆಯಲ್ಲೋ ಔಷಧಿ ಇಡುವ ಕಡೆಯಲ್ಲೋ ಇಟ್ಟುಕೊಂಡು, ಮುಚ್ಚಳ ತೆರೆದ ದಿನವೇ ದಿನಾಂಕವನ್ನು ಆಯಾ ವಸ್ತುವಿನ ಮೇಲೆ ಬರೆಯುವುದನ್ನು ಮೊದಲು ರೂಢಿಸಿಕೊಳ್ಳಬೇಕು.

ಈ ಕೆಲಸವನ್ನು ಔಷಧಿಯ ಡಬ್ಬಿಯಿಂದಲೇ ಆರಂಭಿಸಿ. ಕಣ್ಣಿಗೆ ಹಾಕುವ ಹನಿಗಳ ಬಾಟಲಿಯ ಮೇಲೆ ಎರಡು ವರ್ಷ ಮುಂದಿನ ದಿನಾಂಕ ಅಚ್ಚಾಗಿದ್ದರೂ ಅದು ಸೀಲ್ ಒಡೆಯದ ಬಾಟಲಿಗೆ ಮಾತ್ರ ಅನ್ವಯಿಸುತ್ತದೆ. ಒಮ್ಮೆ ತೆರೆದ ಮೇಲೆ ಸಾಮಾನ್ಯವಾಗಿ 28 ದಿನಗಳಲ್ಲಿ, ಅಂದರೆ ಹೆಚ್ಚುಕಡಿಮೆ ಒಂದು ತಿಂಗಳಲ್ಲಿ, ಉಳಿದದ್ದನ್ನು ಚೆಲ್ಲಬೇಕು. ಹನಿ ಹಾಕುವಾಗ ಬಾಟಲಿಯ ತುದಿ ರೆಪ್ಪೆಗೋ ಬೆರಳಿಗೋ ತಾಗಿ ಸೂಕ್ಷ್ಮಾಣುಗಳು ಒಳಸೇರುತ್ತವೆ. ಅವನ್ನು ತಡೆಯಲು ಹಾಕಿರುವ ಸಂರಕ್ಷಕಕ್ಕೂ ಒಂದು ಮಿತಿಯಿದೆ. ಕಳೆದ ವರ್ಷ ಮದ್ರಾಸ್ ಐ ಬಂದಾಗ ತಂದದ್ದು ಫ್ರಿಜ್ಜಿನ ಬಾಗಿಲಲ್ಲಿ ಉಳಿದಿದೆ ಎಂದು ಈ ವರ್ಷ ಅದನ್ನೇ ಹಾಕಿಕೊಳ್ಳುವುದು ಖಂಡಿತ ಸಲ್ಲದು. ಆ ಸಮಯದಲ್ಲಿ ಬಳಸಿದ ಕಾಡಿಗೆ, ಮಸ್ಕರಾಗಳನ್ನೂ ಬಿಸಾಡಬೇಕು. ಮಸ್ಕರಾವನ್ನು ಕಾಯಿಲೆಯಿಲ್ಲದಿದ್ದರೂ ಮೂರರಿಂದ ಆರು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳಬಾರದು.

ಮಕ್ಕಳಿಗೆ ಕೊಡುವ, ಪುಡಿಗೆ ನೀರು ಬೆರೆಸಿ ತಯಾರಿಸುವ ಆಂಟಿಬಯಾಟಿಕ್ ಸಿರಪ್ಪುಗಳು ಬೆರೆಸಿದ ನಂತರ ಒಂದೆರಡು ವಾರ ಮಾತ್ರ ಬಾಳುತ್ತವೆ, ಕೆಲವು ಏಳೇ ದಿನ. ಎಷ್ಟು ದಿನವೆಂಬುದು ಲೇಬಲ್ಲಿನಲ್ಲಿ ಇರುತ್ತದೆ. ಒಂದು ಲೀಟರಿಗೆ ಕಲಸಿದ ಓಆರ್‌ಎಸ್ ಅನ್ನು 24 ಗಂಟೆಗಳ ನಂತರ ಚೆಲ್ಲಿ ಹೊಸದಾಗಿ ಕಲಸಬೇಕು. ಬಳಕೆಯಲ್ಲಿರುವ ಇನ್ಸುಲಿನ್ ಬಾಟಲಿಗೆ ಬಹುತೇಕ 28 ದಿನಗಳ ಮಿತಿ ಇದ್ದರೂ ಬಗೆಯಿಂದ ಬಗೆಗೆ ಅದು ಬದಲಾಗುವುದರಿಂದ ಜೊತೆಗಿರುವ ಚೀಟಿಯನ್ನು ಓದಲೇಬೇಕು. ಸಕ್ಕರೆ ಪರೀಕ್ಷೆಯ ಪಟ್ಟಿಗಳ ಡಬ್ಬಿಗೂ ಇದೇ ಮಾತು. ಮಳೆಗಾಲದಲ್ಲಿ ಮುಚ್ಚಳ ಸಡಿಲವಾಗಿ ಉಳಿದರೆ ತೇವ ಹಿಡಿದು ತಪ್ಪು ಅಂಕಿ ತೋರಿಸುತ್ತವೆ, ಆ ತಪ್ಪು ಅಂಕಿಯನ್ನು ನಂಬಿ ಇನ್ಸುಲಿನ್ ಪ್ರಮಾಣ ಬದಲಿಸಿದರೆ ಅಪಾಯ.

ಇನ್ನು ಗ್ಯಾಸ್ ಪೈಪು. ಒಲೆಗೂ ಸಿಲಿಂಡರಿಗೂ ನಡುವಿನ ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಪೈಪಿನ ಮೈಮೇಲೆಯೇ ಅದರ ಅವಧಿ ಅಚ್ಚಾಗಿರುತ್ತದೆ. ಜಿಡ್ಡು ಕೂತು ಕಾಣದಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ ಓದಿಕೊಳ್ಳಿ. ಬಿರುಕು, ಇಲಿ ಕಡಿದ ಗುರುತು ಕಂಡರೆ ಅವಧಿಗಾಗಿ ಕಾಯಬಾರದು. ಸಂಶಯವಿದ್ದರೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಬೇಕೇ ಹೊರತು ಬೆಂಕಿಕಡ್ಡಿ ಗೀರಿ ನೋಡಬಾರದು. ಸೋರಿಕೆಯಾದರೆ ಕರೆಮಾಡಬೇಕಾದ ಸಂಖ್ಯೆ 1906. ಸಿಲಿಂಡರ್ ಮನೆಗೆ ಬಂದಾಗ ಹಿಡಿಕೆಯ ಕೆಳಗಿನ ಪಟ್ಟಿಯ ಒಳಬದಿಯಲ್ಲಿರುವ ಅಕ್ಷರವನ್ನೂ ನೋಡಿಕೊಳ್ಳಿ: ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಹೀಗೆ ಡಿವರೆಗೆ; ಪಕ್ಕದ ಅಂಕಿ ಮರುಪರೀಕ್ಷೆಯ ವರ್ಷ. ಆ ಅವಧಿ ಮೀರಿದ ಸಿಲಿಂಡರನ್ನು ಪಡೆಯದೆ ಹಿಂದಿರುಗಿಸಬಹುದು.

ಪಾತ್ರೆ ತೊಳೆಯುವ ಸ್ಪಂಜು ಸದಾ ಒದ್ದೆಯಾಗಿದ್ದು, ಅನ್ನದ ಅಗುಳು, ಜಿಡ್ಡುಗಳನ್ನು ಹಿಡಿದಿಟ್ಟುಕೊಂಡು ಬ್ಯಾಕ್ಟೀರಿಯಾಗಳಿಗೆ ನೆಲೆಯಾಗುತ್ತದೆ. 2017ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಅಧ್ಯಯನದಲ್ಲಿ, ಆಗಾಗ ಶುಚಿಗೊಳಿಸುತ್ತಿದ್ದ ಸ್ಪಂಜುಗಳಲ್ಲೂ ಬ್ಯಾಕ್ಟೀರಿಯಾ ಕಡಿಮೆ ಇರಲಿಲ್ಲ. ವಾರಕ್ಕೊಮ್ಮೆ ಬದಲಿಸುವುದೇ ಲೇಸೆಂದು ಸಂಶೋಧಕರು ಸೂಚಿಸಿದರು. ನನ್ನ ಮಟ್ಟಿಗೆ ತೆಂಗಿನ ನಾರೇ ಮೇಲು: ಬೇಗ ಒಣಗುತ್ತದೆ, ಬಿಸಾಡಲು ಮನಸ್ಸು ಹಿಂಜರಿಯುವುದಿಲ್ಲ. ಮಸಿಬಟ್ಟೆಯನ್ನು ದಿನವೂ ಒಗೆದು ಬಿಸಿಲಿಗೆ ಹಾಕಿದರೆ ಬಹುಕಾಲ ಬಾಳುತ್ತದೆ. ಒಗೆದರೂ ಮುಗ್ಗುಲು ವಾಸನೆ ಹೋಗದಿದ್ದರೆ ಅದನ್ನು ನೆಲ ಒರೆಸಲಿಕ್ಕೆ ಇಳಿಸಿ. ಲೇಪನ ಕಿತ್ತುಬಂದ ನಾನ್‌ಸ್ಟಿಕ್ ತವಾವನ್ನು ಇಟ್ಟುಕೊಳ್ಳುವುದು ಬೇಡ. ಆದರೆ ಪಳಗಿದ ಕಬ್ಬಿಣದ ಕಾವಲಿಯನ್ನು ಬದಲಿಸುವ ಮಾತೇ ಇಲ್ಲ, ಹಿತ್ತಾಳೆ ಪಾತ್ರೆಗೂ ಒಳಗಿನ ಬಿಳುಪು ಸವೆದು ಹಳದಿ ಕಂಡಾಗ ಮತ್ತೆ ಕಲಾಯಿ ಹಾಕಿಸಿದರೆ ಸಾಕು. ಕುಕ್ಕರಿನ ಗ್ಯಾಸ್ಕೆಟ್ಟು ಗಡುಸಾಗಿ ಆವಿ ಬಿಡತೊಡಗಿದಾಗ ಅದನ್ನು ಬದಲಿಸಿ, ಸೇಫ್ಟಿ ವಾಲ್ವನ್ನು ಆಯಾ ಕಂಪನಿಯದೇ ಕೊಳ್ಳಿ.

ನೀರಿನ ಫಿಲ್ಟರಿನ ವಿಷಯದಲ್ಲಿ ಒಂದೇ ಅವಧಿ ಎಲ್ಲರಿಗೂ ಹೊಂದುವುದಿಲ್ಲ. ಗಡಸು ಬೋರ್‌ವೆಲ್ ನೀರಿರುವಲ್ಲಿ ಆರ್‌ಒ ಮೆಂಬ್ರೇನ್ (ನೀರನ್ನು ಶೋಧಿಸುವ ತೆಳುಪೊರೆ) ಬೇಗ ಸೋಲುತ್ತದೆ, ನದಿನೀರು ಬರುವಲ್ಲಿ ಎರಡು ಮೂರು ವರ್ಷ ಬರಬಹುದು. ಹೊಸ ಮೆಂಬ್ರೇನ್ ಹಾಕಿಸಿದ ದಿನವೇ ಶುದ್ಧವಾದ ನೀರಿನ ಟಿಡಿಎಸ್, ಅಂದರೆ ಅದರಲ್ಲಿ ಕರಗಿರುವ ಲವಣಾಂಶಗಳ ಒಟ್ಟು ಪ್ರಮಾಣ, ಅಳೆದು ಯಂತ್ರದ ಪಕ್ಕಕ್ಕೆ ಬರೆದಿಡಿ; ಮುಂದೆ ಅಳೆದಾಗಲೆಲ್ಲ ಅಂಕಿ ಏರುತ್ತಲೇ ಹೋದರೆ ಬದಲಿಸುವ ಕಾಲ ಬಂದಿದೆ ಎಂದರ್ಥ. ಆದರೆ ಟಿಡಿಎಸ್ ಮೀಟರು ಬ್ಯಾಕ್ಟೀರಿಯಾವನ್ನಾಗಲಿ ಫ್ಲೋರೈಡನ್ನಾಗಲಿ ಪ್ರತ್ಯೇಕವಾಗಿ ತೋರಿಸುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದಂಥ ಫ್ಲೋರೈಡ್ ಪೀಡಿತ ಭಾಗಗಳಲ್ಲಿ ಇರುವವರು ಶುದ್ಧವಾದ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವುದು ಅತ್ಯಗತ್ಯ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರದಿರುವುದು ಒಳ್ಳೆಯದು, ಬೇರೆ ಮೂಲವಿಲ್ಲದಿದ್ದರೆ 1.5 ಗರಿಷ್ಠ ಮಿತಿ. ಕ್ಯಾಂಡಲ್ ಫಿಲ್ಟರಿನಲ್ಲಿ ಕ್ಯಾಂಡಲ್ಲಿಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೂ ನೀರು ಶೋಧನೆಯಾಗದೆ ಇಳಿಯುತ್ತದೆ. ಉಜ್ಜಿ ತೊಳೆಯುವಾಗಲೆಲ್ಲ ಬೆಳಕಿಗೆ ಹಿಡಿದು ಸುತ್ತ ನೋಡಬೇಕು.

ಹಲ್ಲುಜ್ಜುವ ಬ್ರಷ್ಷಿಗೆ ಮೂರರಿಂದ ನಾಲ್ಕು ತಿಂಗಳು. ಎಳೆಗಳು ಅದಕ್ಕೂ ಮೊದಲೇ ಹೊರಕ್ಕೆ ಬಾಗಿದ್ದರೆ ಕೂಡಲೇ ಬದಲಿಸಿ, ಜೊತೆಗೆ ಒತ್ತಿ ಉಜ್ಜುವುದನ್ನೂ ಕಡಿಮೆ ಮಾಡಿ. ಮೊಂಡಾದ ಅಥವಾ ತುಕ್ಕು ಕಂಡ ಬ್ಲೇಡಿನಿಂದ ಕ್ಷೌರ ಮಾಡಿಕೊಳ್ಳಬಾರದು. ತಲೆದಿಂಬುಗಳಲ್ಲಿ ಧೂಳಿನ ನುಸಿ ಬೆಳೆಯುವುದರಿಂದ, ಉಬ್ಬಸ ಅಥವಾ ಬೆಳಗಿನ ಸೀನು ಇರುವವರು ಒಂದೆರಡು ವರ್ಷಕ್ಕೆ ದಿಂಬು ಬದಲಿಸಿದರೆ ಒಳ್ಳೆಯದು.

ಕೊನೆಯದಾಗಿ ಚಪ್ಪಲಿ. ಸವೆದು ನುಣುಪಾದ ರಬ್ಬರ್ ಚಪ್ಪಲಿಯಲ್ಲಿ ವಯಸ್ಸಾದವರು ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರೆ ಎದ್ದು ಓಡಾಡಲು ತಿಂಗಳುಗಳೇ ಬೇಕಾಗುತ್ತವೆ. ಆದ್ದರಿಂದ ಅಡಿಯ ಗೆರೆಗಳು ಮಾಸಿದೊಡನೆ, ಪಟ್ಟಿ ಕಿತ್ತುಹೋಗುವವರೆಗೆ ಕಾಯದೆ, ಹೊಸದನ್ನು ತಂದುಕೊಡಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಅಡಿ ತೆಳುವಾದ ಚಪ್ಪಲಿಯಲ್ಲಿ ಮುಳ್ಳೋ ಮೊಳೆಯೋ ನಾಟಿದರೂ ತಿಳಿಯುವುದಿಲ್ಲ, ಗಾಯ ಕಣ್ಣಿಗೆ ಬೀಳುವ ಹೊತ್ತಿಗೆ ಕೀವಾಗಿರುತ್ತದೆ. ಅಂಥವರು ಮೆಟ್ಟುವ ಮೊದಲು ದಿನವೂ ಒಳಗೆ ಕೈಯಾಡಿಸಿ ನೋಡಬೇಕು. ಹೊಸ ಜೋಡಿಯನ್ನು, ಪಾದ ಸ್ವಲ್ಪ ಊದಿಕೊಂಡಿರುವ ಸಂಜೆಯ ಹೊತ್ತಿನಲ್ಲಿ ಅಳತೆ ನೋಡಿ ಕೊಳ್ಳುವುದು ಒಳ್ಳೆಯದು.